ಕ್ಯಾಂಪರ್ ವ್ಯಾನಿನ ಬಚ್ಚಲು ಯಾಕೆ ನಾರುತ್ತೆ? ನೀರಿಗೊಂದು ದಾರಿ, ಗಾಳಿಗೊಂದು ದಾರಿ

(ಇದು ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಕೇಳುವಾಗ ಅಳತೆಗಳು ಕೈತಪ್ಪಿ ಹೋಗುತ್ತವೆ ಎಂದು ಅವನ್ನೂ ಇಲ್ಲಿ ಸೇರಿಸಿದ್ದೇವೆ.)

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೆಲ್ಲ ಸ್ವಾಗತ. ಬೆಳಗ್ಗೆ ಬಂಗಾರಪೇಟೆಯಿಂದ ಬೆಂಗಳೂರಿಗೆ ಹೊರಡೋ ರೈಲಲ್ಲಿ ಒಂಟಿಕಾಲಲ್ಲಿ ನಿಂತು ಕೇಳ್ತಿರೋ ನಮ್ಮೂರಿನವರಿಗೆ ಇನ್ನೊಂದು ಸ್ವಾಗತ ಜಾಸ್ತಿ.

ಇವತ್ತಿನ ವಿಷಯ ಬಚ್ಚಲು. ಅದೂ ಚಕ್ರದ ಮೇಲೆ ಓಡಾಡೋ ಬಚ್ಚಲು. ಯೂಟ್ಯೂಬ್‌ನಲ್ಲಿ ವ್ಯಾನ್ ಲೈಫ್ ವಿಡಿಯೊ ನೋಡಿರ್ತೀರ. ಹಳೇ ಗಾಡಿ ತಗೊಂಡು ಒಳಗೆ ಮಂಚ, ಒಲೆ, ಲೈಟು, ಒಂದು ಪುಟ್ಟ ಶವರ್. ಮಂಚ ಹೆಂಗೆ ಮಾಡಿದ್ರು, ಸೋಲಾರ್ ಹೆಂಗೆ ಹಾಕಿದ್ರು ಅಂತ ಎಲ್ಲ ತೋರಿಸ್ತಾರೆ. ಶವರಿನ ನೀರು ಎಲ್ಲಿಗೆ ಹೋಯ್ತು, ಅದರ ಜಾಗಕ್ಕೆ ಏನು ಬಂತು ಅನ್ನೋದನ್ನ ತೋರಿಸೋರು ಕಮ್ಮಿ. ನಾವು ಅದನ್ನ ತಿಳ್ಕೊಳ್ಳದೆ ಗಾಡಿ ಕಟ್ಟಿದ್ವಿ. ಒಂದು ರಾತ್ರಿ ಅದರ ಬೆಲೆ ಕೊಟ್ವಿ. ಆ ಕತೆ ಹೇಳ್ತೀನಿ, ಆಮೇಲೆ ಅದರ ಹಿಂದಿನ ವಿಜ್ಞಾನ, ಕೊನೇಲಿ ಅಳತೆ. ಬಂಗಾರಪೇಟೆ ಪಾನಿಪೂರಿ ನೀರಿನಷ್ಟು ತಿಳಿಯಾಗಿ ಹೇಳೋಕೆ ಪ್ರಯತ್ನ ಮಾಡ್ತೀನಿ.

ಅಮ್ಮ ನೀರು ಕುಡಿಯಲ್ಲ

ನಮಗೆ ಗಾಡಿ ಬೇಕಾಗಿದ್ದು ಇನ್‌ಸ್ಟಾಗ್ರಾಮ್‌ಗೆ ಅಲ್ಲ, ಅಮ್ಮನಿಗೆ. ಊರು ಬಿಟ್ಟು ಎಲ್ಲಿಗೇ ಹೊರಟ್ರೂ ಅಮ್ಮ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯೋದು ನಿಲ್ಲಿಸ್ತಾರೆ. ದಾರೀಲಿ ಹೋಗೋಕೆ ಜಾಗ ಇರಲ್ಲ, ಇದ್ರೂ ಒಳಗೆ ಕಾಲಿಡೋಕಾಗಲ್ಲ. ದೇವಸ್ಥಾನಕ್ಕೆ ಹೋಗೋ ಮುಂಚೆ ಸ್ನಾನ ಆಗಲೇಬೇಕು, ಅದಕ್ಕೆ ಒಂದು ಗಂಟೆಗೆ ಅಂತ ಲಾಡ್ಜ್ ರೂಮ್ ತಗೋಬೇಕು. ಮಂಡಿ ನೋವು ಬೇರೆ. ಹೀಗಾಗಿ "ನೀವೇ ಹೋಗ್ಬನ್ನಿ" ಅನ್ನೋದು ಅಭ್ಯಾಸವಾಗಿಬಿಟ್ಟಿತ್ತು.

ಅಪ್ಪ ರಿಟೈರ್ ಆದ ಮೇಲೆ ಒಂದು ಹಳೇ ಟೆಂಪೊ ಟ್ರಾವೆಲರ್ ತಗೊಂಡ್ರು. ಕೆಎ-08 ನಂಬರು, ಅಂದ್ರೆ ಕೆಜಿಎಫ್ ಗಾಡಿ. ಸೀಟೆಲ್ಲ ತೆಗೆಸಿ, ಬಂಗಾರಪೇಟೆ ಮನೆ ಮುಂದೆ ನಿಲ್ಲಿಸ್ಕೊಂಡು, ರಜಾ ದಿನಗಳಲ್ಲಿ ನಾನು ಅಪ್ಪ ಇಬ್ಬರೇ ಕೆಲಸ ಶುರು ಮಾಡಿದ್ವಿ. ಹಿಂದುಗಡೆ ಮೂಲೇಲಿ ಮೂರಡಿಗೆ ಎರಡೂವರೆ ಅಡಿ ಬಚ್ಚಲು. ನೆಲದ ಕೆಳಗೆ, ಚಾಸಿಗೆ ಪಟ್ಟಿ ಹೊಡೆದು, 70 ಲೀಟರಿನ ಕೊಳೆನೀರಿನ ಟ್ಯಾಂಕ್. ಬಚ್ಚಲಲ್ಲಿ ಒಂದು ಟ್ರ್ಯಾಪ್, ಅದರಿಂದ ನೆಟ್ಟಗೆ ಕೆಳಕ್ಕೆ ಪೈಪು, ಪೈಪು ಟ್ಯಾಂಕಿಗೆ. ಟ್ಯಾಂಕಿನ ಉಳಿದ ತೂತುಗಳನ್ನೆಲ್ಲ ಸೀಲಂಟ್ ಹಾಕಿ ಬಿಗಿಯಾಗಿ ಮುಚ್ಚಿದ್ವಿ. "ವಾಸನೆ ಬರಬಾರದು ನೋಡು" ಅಂತ ಅಪ್ಪ ಎರಡು ಸಲ ಸೀಲಂಟ್ ಬಳಿದ್ರು. ತಪ್ಪು ಶುರುವಾಗಿದ್ದೇ ಅಲ್ಲಿ.

ನಮ್ಮ ಕಡೆ ಯಾವುದೇ ಒಳ್ಳೆ ಕೆಲಸ ಕುರುಡುಮಲೆ ಗಣಪತಿಗೆ ಕೈಮುಗಿದು ಶುರು ಮಾಡ್ತಾರೆ. ಮುಳಬಾಗಿಲಿನ ಹತ್ತಿರ. ಏಪ್ರಿಲ್ ತಿಂಗಳು, ಬಿಸಿಲು ಚುರುಗುಡ್ತಿತ್ತು. ಟೆಸ್ಟ್ ಮಾಡೋಕೆ ಅಂತ ನಾಲ್ಕು ದಿನದಿಂದ ನಾವು ಗಾಡಿಯೊಳಗೇ ಸ್ನಾನ ಮಾಡಿದ್ವಿ, ಆ ನೀರು ಟ್ಯಾಂಕಲ್ಲೇ ಕೂತಿತ್ತು. ಸಂಜೆ ಒಂದು ಲಾಡ್ಜ್ ಹತ್ರ ಗಾಡಿ ನಿಲ್ಲಿಸಿ, ಅವರನ್ನ ಕೇಳ್ಕೊಂಡು, ಅವರ ಚೇಂಬರಿಗೆ ಅಪ್ಪ ಟ್ಯಾಂಕ್ ಖಾಲಿ ಮಾಡಿದ್ರು. ಊಟ ಆಯ್ತು. ಸೊಳ್ಳೆ ಅಂತ ಕಿಟಕಿ ಎಲ್ಲ ಹಾಕಿ, ಮೇಲಿನ ಎಕ್ಸಾಸ್ಟ್ ಫ್ಯಾನ್ ಆನ್ ಮಾಡಿ ಮಲಗಿದ್ವಿ.

ರಾತ್ರಿ ಒಂದೂವರೆ ಇರಬೇಕು. ಅಮ್ಮ ಎದ್ದು ಕೂತಿದ್ರು. "ಏನೋ ಸತ್ತಿದೆ ಕಣೋ ಗಾಡಿಯೊಳಗೆ." ತಲೆ ಸಿಡೀತಿದೆ, ಹೊಟ್ಟೆ ತೊಳೆಸ್ತಿದೆ ಅಂದ್ರು. ಬಾಗಿಲು ತೆಗೆದು ಹೊರಗೆ ಕೂರಿಸಿದ್ವಿ, ವಾಂತಿ ಮಾಡ್ಕೊಂಡ್ರು. ಬೆಳಗಾಗೋವರೆಗೂ ಲಾಡ್ಜ್ ಮೆಟ್ಟಿಲ ಮೇಲೇ ಕೂತಿದ್ವಿ. ಅಮ್ಮ ಹೇಳಿದ್ದು ಒಂದೇ ಮಾತು: "ನಾನಿನ್ನು ಇದನ್ನ ಹತ್ತಲ್ಲ."

ಪ್ಲಂಬರ್ ಅಣ್ಣ ಬಂದ್ರು

ಆಂಡರ್ಸನ್‌ಪೇಟೆ ಕಡೆಯ ಒಬ್ಬ ಪ್ಲಂಬರ್ ಅಣ್ಣ ನಮಗೆ ಪರಿಚಯ. ಅರವತ್ತು ದಾಟಿದೆ. ಅವರ ತಂದೆ ಗಣಿಯಲ್ಲಿ ಕೆಳಗಿಳಿದು ಕೆಲಸ ಮಾಡಿದವರು. ಕೆಜಿಎಫ್‌ನವರ ಥರಾನೇ ಮಾತು: ಅರ್ಧ ತಮಿಳು, ಅರ್ಧ ಕನ್ನಡ, ನಡುವೆ ತೆಲುಗು. ಗಾಡಿ ಕೆಳಗೆ ನುಸುಳಿ, ಟಾರ್ಚ್ ಬಿಟ್ಟು ನೋಡಿ, ಈಚೆ ಬಂದು ಅಪ್ಪನ್ನ ಕೇಳಿದ್ರು, "ಸಾರ್, ಗಾಳಿಗೆ ದಾರಿ ಎಲ್ಲಿ?"

ಅಪ್ಪ ಅಂದ್ರು, "ಗಾಳಿ ಯಾಕಪ್ಪಾ? ವಾಸನೆ ಬರಬಾರದು ಅಂತಾನೇ ಎಲ್ಲ ಮುಚ್ಚಿದ್ದೀನಿ."

ಅಣ್ಣ ನಕ್ಕು ನನ್ನ ಕಡೆ ತಿರುಗಿ ಹೇಳಿದ್ರು, "ತಂಬಿ, ತಣ್ಣಿ ಪೋಗಣುಂನಾ ಕಾತ್ತು ವರಣುಂ." ನೀರು ಹೋಗಬೇಕಂದ್ರೆ ಗಾಳಿ ಬರಬೇಕು. ಆಮೇಲೆ ಮಾಡಿ ತೋರಿಸಿದ್ರು. ಬಚ್ಚಲ ಟ್ರ್ಯಾಪಿಗೆ ಒಂದು ಚೊಂಬು ನೀರು ಹಾಕಿ, ಜಾಲರಿ ತೆಗೆದು, ಟಾರ್ಚ್ ಬಿಟ್ಟು "ನೋಡ್ತಾ ಇರು" ಅಂದ್ರು. ನೀರು ಹೊಳೀತಿತ್ತು. ಟ್ಯಾಂಕಿಗೂ ಒಂದಷ್ಟು ನೀರು ಬಿಟ್ಟಿದ್ವಿ. ಅಪ್ಪ ಕೆಳಗಡೆ ವಾಲ್ವ್ ತೆಗೆದ್ರು. ನನ್ನ ಕಣ್ಣೆದುರೇ ಟ್ರ್ಯಾಪಿನ ನೀರು "ಗುಳುಂ" ಅಂತ ಕೆಳಕ್ಕೆ ಹೋಯ್ತು. ಒಳಗೆ ಬರೀ ಕಪ್ಪು ತೂತು.

ಆ ರಾತ್ರಿ ನಡೆದಿದ್ದೂ ಇದೇ. ಟ್ಯಾಂಕಿನಿಂದ ನೀರು ಹೊರಗೆ ಹೋಗುವಾಗ ಆ ಜಾಗ ತುಂಬೋಕೆ ಗಾಳಿ ಬೇಕು. ಬೇರೆ ದಾರಿ ಎಲ್ಲ ಮುಚ್ಚಿದ್ವಿ. ಉಳಿದಿದ್ದು ಒಂದೇ, ಬಚ್ಚಲ ತೂತು. ಗಾಳಿ ಅಲ್ಲಿಂದಲೇ ನುಗ್ಗಿತು, ನುಗ್ಗುವಾಗ ಟ್ರ್ಯಾಪಿನ ನೀರನ್ನೂ ಎಳ್ಕೊಂಡು ಹೋಯ್ತು. ನಾಲ್ಕು ದಿನ ಬಿಸಿಲಲ್ಲಿ ಕೊಳೆತ ಸೋಪು, ಕೂದಲು, ಎಣ್ಣೆಯ ಗಸಿ ಟ್ಯಾಂಕಿನ ತಳದಲ್ಲಿ ಉಳಿದಿತ್ತು. ಮೇಲೆ ಫ್ಯಾನ್ ಗಾಳೀನ ಹೊರಕ್ಕೆ ತಳ್ಳುತ್ತಿತ್ತು, ಕಿಟಕಿ ಮುಚ್ಚಿತ್ತು. ಒಳಗೆ ಗಾಳಿ ಬರೋಕೆ ಇದ್ದ ಸಲೀಸಾದ ದಾರಿ ಆ ಟ್ಯಾಂಕಿನದೇ. ಅಂದ್ರೆ ಎಕ್ಸಾಸ್ಟ್ ಫ್ಯಾನ್ ಹಾಕಿ ನಾವೇ ಆ ಗಾಳೀನ ಅಮ್ಮ ಮಲಗಿದ್ದ ಮಂಚದ ಹತ್ರ ಎಳ್ಕೊಂಡಿದ್ವಿ.

ಎಣ್ಣೆ ಡಬ್ಬದ ಎರಡನೇ ತೂತು

ಇದು ನಿಮಗೆ ಗೊತ್ತಿರೋ ವಿಷಯಾನೇ. ಹೋಟೆಲ್‌ನಲ್ಲಿ 15 ಲೀಟರಿನ ಎಣ್ಣೆ ಡಬ್ಬ ತೆಗೆಯೋದು ನೋಡಿದ್ದೀರಾ? ಒಂದು ಮೂಲೇಲಿ ತೂತು ಹೊಡೀತಾರೆ, ಎದುರು ಮೂಲೇಲಿ ಇನ್ನೊಂದು ಚಿಕ್ಕ ತೂತು. ಒಂದೇ ತೂತಾದ್ರೆ ಎಣ್ಣೆ ಗಳ್ ಗಳ್ ಅಂತ ನಿಂತು ನಿಂತು ಬರುತ್ತೆ. ಎಣ್ಣೆ ಹೊರಗೆ ಬರೋಕೂ ಗಾಳಿ ಒಳಗೆ ಹೋಗೋಕೂ ಅದೊಂದೇ ಬಾಗಿಲು, ಸರದಿ ಮೇಲೆ ಹೋಗ್ಬೇಕು. ಎರಡನೇ ತೂತು ಹೊಡೆದ ತಕ್ಷಣ ಎಣ್ಣೆ ದಾರದ ಥರ ಸದ್ದಿಲ್ಲದೆ ಇಳಿಯುತ್ತೆ.

ನಿಮ್ಮ ಬಚ್ಚಲೋ ಸಿಂಕೋ ಗುಡುಗುಡು ಸದ್ದು ಮಾಡ್ತಿದ್ರೆ, ಅದು ಎರಡನೇ ತೂತಿಲ್ಲದ ಡಬ್ಬದ ಸದ್ದು. ನೀರಿಗೂ ಗಾಳಿಗೂ ಒಂದೇ ದಾರೀಲಿ ಜಗಳ ನಡೀತಿದೆ ಅಂತ ಅರ್ಥ.

ಕೆಜಿಎಫ್‌ನವರಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ. ಕೆಜಿಎಫ್ ಅಂದ್ರೆ ನಿಮಗೆ ರಾಕಿ ಭಾಯ್ ನೆನಪಾಗಬಹುದು. ಇಲ್ಲಿನವರಿಗೆ ನೆನಪಾಗೋದು ಶಾಫ್ಟ್. 2001ರ ಫೆಬ್ರವರಿ 28ಕ್ಕೆ ಮುಚ್ಚಿದ ಈ ಗಣಿ, ಚಾಂಪಿಯನ್ ರೀಫ್ ಕಡೆ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆಯ ಶಾಖವೇ 60 ಡಿಗ್ರಿ ದಾಟುತ್ತೆ. ಅಂಥ ಕಡೆ ಮನುಷ್ಯ ಉಸಿರಾಡಬೇಕಂದ್ರೆ ಒಂದು ಬಾವಿಯಿಂದ ಗಾಳಿ ಕೆಳಗಿಳೀಬೇಕು, ಇನ್ನೊಂದರಿಂದ ಮೇಲೇರಬೇಕು. ಇಳಿಯೋ ದಾರಿ, ಏರೋ ದಾರಿ, ಎರಡೂ ಬೇಕು. ಆಳವಾದ ಗಣಿಗಳೆಲ್ಲ ನಡೆಯೋದೇ ಹೀಗೆ. "ನಮ್ಮಪ್ಪ ಇಳಿದ ತಕ್ಷಣ ಮೊದಲು ಗಾಳಿ ಯಾವ ಕಡೆ ಹೋಗ್ತಿದೆ ಅಂತ ನೋಡ್ತಿದ್ರು, ಆಮೇಲೆ ಕೆಲಸ" ಅಂತ ಪ್ಲಂಬರ್ ಅಣ್ಣ ಹೇಳಿದ್ರು.

ಎರಡು ಇಂಚು ನೀರಿನ ಬಾಗಿಲು

ಈಗ ಟ್ರ್ಯಾಪ್ ಅಂದ್ರೇನು ನೋಡೋಣ. ಸಿಂಕ್ ಕೆಳಗೆ ಬಗ್ಗಿ ನೋಡಿದ್ರೆ ಪೈಪು ಒಂದು ಸಲ ಕೆಳಕ್ಕೆ ಬಾಗಿ ಮತ್ತೆ ಮೇಲಕ್ಕೆ ಏರಿರುತ್ತೆ. ಆ ಬಾಗಿನಲ್ಲಿ ಸದಾ ಸ್ವಲ್ಪ ನೀರು ನಿಂತಿರುತ್ತೆ. ಕೊಳೆನೀರು ಅದನ್ನ ದಾಟಿ ಹೋಗಬಹುದು, ಆದರೆ ಆಚೆಕಡೆಯ ಗಾಳಿ ಈಚೆಗೆ ಬರೋಕಾಗಲ್ಲ. ಮನೆ ಬಚ್ಚಲಲ್ಲಿ ಜಾಲರಿ ಕೆಳಗೆ ಇರೋ ನಾನಿ ಟ್ರ್ಯಾಪ್ ಕೂಡ ಇದೇ ಕೆಲಸ ಮಾಡುತ್ತೆ. ಈ ಬಾಗಿದ ಪೈಪಿಗೆ 1775ರಲ್ಲಿ ಪೇಟೆಂಟ್ ತಗೊಂಡವರು ಅಲೆಕ್ಸಾಂಡರ್ ಕಮ್ಮಿಂಗ್ ಅಂತ, ಒಬ್ಬ ಗಡಿಯಾರ ತಯಾರಕ.

ಆ ನಿಂತ ನೀರಿನ ಆಳ ಸಾಮಾನ್ಯವಾಗಿ 50 ಮಿಲಿಮೀಟರ್, ಅಂದ್ರೆ ಎರಡು ಇಂಚು. ನಿಮ್ಮ ನಿದ್ದೆಗೂ ಕೊಳೆ ಟ್ಯಾಂಕಿಗೂ ನಡುವೆ ಇರೋದು ಇಷ್ಟೇ. ಇದು ಎಷ್ಟು ಗಟ್ಟಿ ಅಂತ ಲೆಕ್ಕ ಹಾಕೋಣ. ನಮ್ಮ ಸುತ್ತಲಿನ ಗಾಳಿಯ ಒತ್ತಡ ಸುಮಾರು 10 ಮೀಟರ್ ಎತ್ತರದ ನೀರಿನ ಕಂಬಕ್ಕೆ ಸಮ. 50 ಮಿಲಿಮೀಟರ್ ಅಂದ್ರೆ ಅದರ ಇನ್ನೂರನೇ ಒಂದು ಭಾಗ. ಗಾಡಿಯ ಸಣ್ಣ ಎಕ್ಸಾಸ್ಟ್ ಫ್ಯಾನ್ ಅಷ್ಟು ಎಳೆತ ಹುಟ್ಟಿಸೋದು ಕಷ್ಟ, ಹಾಗಾಗಿ ತುಂಬಿದ ಟ್ರ್ಯಾಪನ್ನ ಫ್ಯಾನ್ ಒಂದೇ ಒಡೆಯಲ್ಲ. ಆದರೆ ಮುಚ್ಚಿದ ಟ್ಯಾಂಕಿನಿಂದ ಹತ್ತಾರು ಲೀಟರ್ ನೀರು ಒಮ್ಮೆಲೇ ಹೊರಗೆ ಹೋದ್ರೆ ಆ ಎಳೆತದ ಮುಂದೆ ಈ ಎರಡು ಇಂಚು ಏನೂ ಅಲ್ಲ.

ಟ್ರ್ಯಾಪ್ ಖಾಲಿ ಆಗೋಕೆ ಇನ್ನೂ ಮೂರು ದಾರಿ ಇದೆ.

ಒಂದು, ಪೈಪು ಟ್ರ್ಯಾಪಿನಿಂದ ನೆಟ್ಟಗೆ ಕೆಳಕ್ಕೆ ಬಿದ್ರೆ. ಇಂಗ್ಲಿಷಿನ ಎಸ್ ಅಕ್ಷರದ ಥರ ಕಾಣುತ್ತೆ, ಅದಕ್ಕೇ ಎಸ್ ಟ್ರ್ಯಾಪ್ ಅಂತಾರೆ. ಪೈಪು ತುಂಬ್ಕೊಂಡು ಇಳಿಯೋ ನೀರು, ಬಾಯಿಂದ ಎಳೆದು ಪೈಪಲ್ಲಿ ಪೆಟ್ರೋಲ್ ಇಳಿಸ್ತಾರಲ್ಲ, ಹಾಗೆ ಹಿಂದಿನ ನೀರನ್ನೂ ಎಳ್ಕೊಂಡು ಹೋಗುತ್ತೆ. ನಮ್ಮದು ಇದೇ ಆಗಿತ್ತು.

ಎರಡು, ಒಣಗಿಹೋದ್ರೆ. ಬೇಸಿಗೇಲಿ ಗಾಡಿ ಮೂರು ನಾಲ್ಕು ವಾರ ಬಿಸಿಲಲ್ಲಿ ನಿಂತ್ರೆ ಆ ನೀರು ಆವಿಯಾಗಿ ಹೋಗುತ್ತೆ.

ಮೂರು, ಅಲುಗಾಡಿದ್ರೆ. ಮನೆ ಅಲುಗಾಡಲ್ಲ, ಗಾಡಿ ಅಲುಗಾಡುತ್ತೆ. ಹಂಪ್ ಮೇಲೆ ಎಗರಿದಾಗ, ಬ್ರೇಕ್ ಹಾಕಿದಾಗ ಟ್ರ್ಯಾಪಿನ ನೀರು ತುಳುಕಿ ಕೆಳಗೆ ಹೋಗುತ್ತೆ. ಮನೆ ಪ್ಲಂಬಿಂಗ್ ವಿಡಿಯೊ ನೋಡಿ ಗಾಡಿ ಬಚ್ಚಲು ಕಟ್ಟೋಕಾಗಲ್ಲ ಅನ್ನೋದು ಇದಕ್ಕೇ.

ಬರೀ ವಾಸನೆ ಅಲ್ಲ

"ಸ್ವಲ್ಪ ವಾಸನೆ ತಾನೇ, ಊದುಬತ್ತಿ ಹಚ್ಚಿದ್ರಾಯ್ತು" ಅನ್ನೋರಿಗೆ ಎರಡು ವಿಷಯ.

2003ರ ಮಾರ್ಚ್. ಹಾಂಗ್‌ಕಾಂಗ್‌ನ ಅಮೋಯ್ ಗಾರ್ಡನ್ಸ್ ಅನ್ನೋ ಅಪಾರ್ಟ್‌ಮೆಂಟ್ ಸಮುಚ್ಚಯ. ಸಾರ್ಸ್ ಕಾಯಿಲೆ ಅಲ್ಲಿ 300ಕ್ಕೂ ಹೆಚ್ಚು ಜನರಿಗೆ ಹರಡಿತು. ಯಾಕೆ ಅಂತ ಹುಡುಕಿದವರು ಹೋಗಿ ನಿಂತಿದ್ದು ಬಚ್ಚಲ ನೆಲದ ಟ್ರ್ಯಾಪಿನ ಮುಂದೆ. ಎಷ್ಟೋ ಮನೆಗಳಲ್ಲಿ ನೆಲಕ್ಕೆ ನೀರು ಹಾಕದೆ ಟ್ರ್ಯಾಪ್ ಒಣಗಿತ್ತು. ಬಚ್ಚಲ ಎಕ್ಸಾಸ್ಟ್ ಫ್ಯಾನ್ ಹಾಕಿದಾಗ ಒಳಚರಂಡಿ ಪೈಪಿನ ಗಾಳಿ, ಅದರ ಜೊತೆ ಸೂಕ್ಷ್ಮ ಹನಿಗಳು ಮನೆಯೊಳಗೆ ಬಂದಿರಬೇಕು ಅನ್ನೋದು ತನಿಖೆಯ ಮುಖ್ಯ ವಿವರಣೆಯಾಗಿತ್ತು. ಒಣಗಿದ ಟ್ರ್ಯಾಪ್ ಮತ್ತು ಫ್ಯಾನ್. ನಮ್ಮ ಗಾಡೀಲಿ ಇದ್ದಿದ್ದೂ ಅದೇ ಜೋಡಿ.

ಇನ್ನೊಂದು, ಅನಿಲ. ಗಾಳಿ ಇಲ್ಲದ ಕಡೆ ಕೊಳೆ ಕೊಳೆತಾಗ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತೆ, ಕೊಳೆತ ಮೊಟ್ಟೆ ವಾಸನೆ. ಸ್ವಲ್ಪ ಇದ್ರೆ ತಲೆನೋವು, ವಾಕರಿಕೆ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ನೂರು ಭಾಗದಷ್ಟು ಆದ್ರೆ ಮೂಗು ಅದನ್ನ ಗುರುತಿಸೋದನ್ನೇ ನಿಲ್ಲಿಸಿಬಿಡುತ್ತೆ. ವಾಸನೆ ಹೋಯ್ತು ಅಂದ್ಕೋತೀರ, ಅಪಾಯ ಹೋಗಿರಲ್ಲ. ನಮ್ಮ ದೇಶದಲ್ಲಿ ಮ್ಯಾನ್‌ಹೋಲ್‌ಗಳಿಗೆ, ಸೆಪ್ಟಿಕ್ ಟ್ಯಾಂಕ್‌ಗಳಿಗೆ ಇಳಿದ ಕಾರ್ಮಿಕರು ಜೀವ ಕಳಕೊಳ್ಳೋದಕ್ಕೆ ಈ ಅನಿಲ ಒಂದು ದೊಡ್ಡ ಕಾರಣ. 2013ರ ಕಾನೂನು ಸುರಕ್ಷತಾ ಸಾಧನ ಇಲ್ಲದೆ ಹಾಗೆ ಇಳಿಸೋದನ್ನ ನಿಷೇಧಿಸಿದೆ, ಆದ್ರೂ ಸಾವು ನಿಂತಿಲ್ಲ. ಬಚ್ಚಲ ನೀರಿನ ಒಂದು ಸಣ್ಣ ಟ್ಯಾಂಕು ಆ ಮಟ್ಟಕ್ಕೆ ಹೋಗೋದು ಅಪರೂಪ, ಭಯ ಬೀಳಬೇಡಿ. ಆದರೆ ಕಿಟಕಿ ಮುಚ್ಚಿದ ಗಾಡಿ ಮನೆಯಲ್ಲ, ಒಂದು ಪೆಟ್ಟಿಗೆ. ಅದರೊಳಗೆ ನಿಮ್ಮವರು ಮಲಗಿರ್ತಾರೆ.

ಸರಿ, ಹೆಂಗೆ ಮಾಡೋದು?

ಅಣ್ಣ ಮಾಡಿದ್ದನ್ನ ವರಸೆಯಾಗಿ ಹೇಳ್ತೀನಿ. ಸಾಮಾನೆಲ್ಲ ಹಾರ್ಡ್‌ವೇರ್ ಅಂಗಡೀಲಿ ಸಿಗೋದೇ.

ಮೊದಲು ಎತ್ತರ. ಶವರಿನ ತೂತು ಗಾಡಿಯಲ್ಲೇ ತಗ್ಗಿನ ಜಾಗ, ಟ್ರ್ಯಾಪ್ ಅದಕ್ಕಿಂತ ಕೆಳಗಿರಬೇಕು. ನೆಲದಡಿ ಚಾಸಿ ಅಡ್ಡ ಬರುತ್ತೆ, ತುಂಬ ಕೆಳಗೆ ಇಳಿಸಿದ್ರೆ ಹಂಪಿಗೆ ತಗಲುತ್ತೆ. ಹಾಗಾಗಿ ಬಚ್ಚಲ ತಟ್ಟೆಯನ್ನೇ ಐದು ಇಂಚು ಎತ್ತರಿಸಿದ್ವಿ. ಅಮ್ಮನ ಮಂಡಿಗೆ ಅಂತ ಒಂದು ಮೆಟ್ಟಿಲು, ಗೋಡೆಗೆ ಹಿಡಿ ಹಾಕಿದ್ವಿ.

ಎರಡನೇದು ಟ್ರ್ಯಾಪ್. ಎಸ್ ತೆಗೆದು ಪಿ ಟ್ರ್ಯಾಪ್ ಹಾಕಿದ್ರು. ಅಂದ್ರೆ ಟ್ರ್ಯಾಪ್ ದಾಟಿದ ಪೈಪು ನೆಟ್ಟಗೆ ಬೀಳದೆ ಅಡ್ಡಲಾಗಿ ಹೋಗುತ್ತೆ. 50 ಮಿಲಿಮೀಟರ್ ಪಿವಿಸಿ. ಶವರಿನ ನೀರು ಆ ಪೈಪಿನ ತಳದಲ್ಲಿ ಮಾತ್ರ ಹರಿಯುತ್ತೆ, ಮೇಲಿನ ಜಾಗದಲ್ಲಿ ಗಾಳಿ ಓಡಾಡುತ್ತೆ. ಸಣ್ಣ ಪೈಪ್ ಹಾಕಿ ಜಾಗ ಉಳಿಸಬೇಡಿ.

ಮೂರನೇದು ವಾಟ. ಅಡ್ಡ ಪೈಪಿಗೆ ಒಂದು ಮೀಟರಿಗೆ 2 ಸೆಂಟಿಮೀಟರ್ ಇಳಿಜಾರು. ಗಾಡಿಯನ್ನ ರಸಮಟ್ಟ ಇಟ್ಟು ಸಮ ನಿಲ್ಲಿಸಿಯೇ ಇದನ್ನ ಅಳೀಬೇಕು. ಇಲ್ಲಾಂದ್ರೆ ನಿಮ್ಮ ಮನೆ ಮುಂದಿನ ರಸ್ತೆಯ ವಾಟ ಲೆಕ್ಕದೊಳಗೆ ಸೇರಿಬಿಡುತ್ತೆ. ತುಂಬ ವಾಟ ಕೊಟ್ರೂ ಕಷ್ಟ, ಗಾಳಿದಾರಿಯ ಬಾಯಿ ಟ್ರ್ಯಾಪಿನ ನೀರಿನ ಮಟ್ಟಕ್ಕಿಂತ ಕೆಳಗೆ ಹೋಗಿ ಮತ್ತೆ ಎಸ್ ಟ್ರ್ಯಾಪಿನ ಥರಾನೇ ಎಳೆಯುತ್ತೆ.

ನಾಲ್ಕನೇದು, ಮುಖ್ಯವಾದದ್ದು, ಗಾಳಿ ಪೈಪು. ಟ್ಯಾಂಕಿನ ತಲೆಯಿಂದ 32 ಮಿಲಿಮೀಟರ್ ಪೈಪು ಹೊರಟು, ಬಚ್ಚಲ ಮೂಲೆಯ ಗೋಡೆಯೊಳಗೆ ಏರಿ, ಗಾಡಿಯ ಮೇಲೆ ಆಚೆ ಬರುತ್ತೆ. ಜೊತೆಗೆ ಟ್ರ್ಯಾಪ್ ದಾಟಿದ ಅಡ್ಡ ಪೈಪಿಗೆ ಒಂದು ಟೀ ಹಾಕಿ, ಅಲ್ಲಿಂದ ಇನ್ನೊಂದು ಪೈಪು ಮೇಲೆ ತಂದು ಇದಕ್ಕೇ ಸೇರಿಸಿದ್ರು. ಇಲ್ಲಿ ಮೂರು ನಿಯಮ. ಟೀ ಯಾವಾಗಲೂ ಟ್ರ್ಯಾಪಿನ ಆಚೆ, ಟ್ಯಾಂಕಿನ ಕಡೆ ಇರಬೇಕು. ಈಚೆ ಇದ್ರೆ ಟ್ರ್ಯಾಪಿಗೆ ಏನೂ ಉಪಯೋಗವಿಲ್ಲ. ಟ್ರ್ಯಾಪಿಗೆ ಅಂಟಿಕೊಂಡೂ ಇರಬಾರದು, ಪೈಪಿನ ಅಗಲದ ಎರಡರಷ್ಟು, ಅಂದ್ರೆ ಹತ್ತು ಸೆಂಟಿಮೀಟರ್ ದೂರ ಇರಲಿ, ಇಲ್ಲಾಂದ್ರೆ ಸೋಪಿನ ಜಿಡ್ಡು ಕಟ್ಟಿ ಮುಚ್ಚಿಹೋಗುತ್ತೆ. ಎರಡು ಗಾಳಿ ಪೈಪು ಸೇರೋ ಜಾಗ ಬಚ್ಚಲ ತಟ್ಟೆಯ ಅಂಚಿಗಿಂತ ಅರ್ಧ ಅಡಿ ಮೇಲಿರಬೇಕು. ಆಗ ಬಚ್ಚಲು ಕಟ್ಟಿಕೊಂಡ್ರೂ ಕೊಳೆನೀರು ಗಾಳಿದಾರಿಗೆ ನುಗ್ಗಲ್ಲ.

ಮೇಲೆ ಪೈಪಿನ ಬಾಯಿಗೆ ಮಳೆ ನೀರು, ಎಲೆ ಬೀಳದ ಹಾಗೆ ವೆಂಟ್ ಕೌಲ್. ಅದು ಎಕ್ಸಾಸ್ಟ್ ಫ್ಯಾನಿಂದ, ಮೇಲಿನ ಕಿಟಕಿಯಿಂದ ಆದಷ್ಟು ದೂರ ಇರಲಿ. ಹೊರಗೆ ಬಿಟ್ಟ ಗಾಳಿ ಇನ್ನೊಂದು ಬಾಗಿಲಿಂದ ಒಳಗೆ ಬರಬಾರದಲ್ಲ. ಪೈಪು ಶೀಟ್ ದಾಟೋ ಜಾಗದಲ್ಲಿ ರಬ್ಬರ್ ಕಾಲರ್ ಮತ್ತು ಸೀಲಂಟ್. ಅಪ್ಪನ ಸೀಲಂಟಿಗೆ ಕೊನೆಗೂ ಸರಿಯಾದ ಜಾಗ ಸಿಕ್ಕಿತು.

ಕೆಲವರು ಕೇಳ್ತಾರೆ, ಮೇಲೆ ತೂತು ಮಾಡದೆ ಆಗಲ್ವಾ? ಏರ್ ಅಡ್ಮಿಟೆನ್ಸ್ ವಾಲ್ವ್ ಅಂತ ಒಂದಿದೆ. 1970ರ ದಶಕದಲ್ಲಿ ಸ್ವೀಡನ್‌ನಲ್ಲಿ ಬಂದಿದ್ದು. ಪೈಪಿನೊಳಗೆ ಎಳೆತ ಹುಟ್ಟಿದಾಗ ಬಾಯಿ ತೆರೆದು ಗಾಳಿ ಒಳಗೆ ಬಿಡುತ್ತೆ, ಉಳಿದ ಹೊತ್ತು ಮುಚ್ಕೊಂಡಿರುತ್ತೆ. ಅಡ್ಡ ಪೈಪಿಗಿಂತ ಕನಿಷ್ಠ ಹತ್ತು ಸೆಂಟಿಮೀಟರ್ ಮೇಲೆ, ನೆಟ್ಟಗೆ ನಿಲ್ಲಿಸಬೇಕು. ಟ್ರ್ಯಾಪ್ ಉಳಿಸೋಕೆ ಇದು ಸಾಕು. ಟ್ಯಾಂಕಿಗೆ ಸಾಲದು. ಇದು ಗಾಳೀನ ಒಳಗೆ ಬಿಡುತ್ತೆ, ಹೊರಗೆ ಬಿಡಲ್ಲ. ಟ್ಯಾಂಕಿಗೆ ಹತ್ತು ಲೀಟರ್ ನೀರು ಬಂದ್ರೆ ಹತ್ತು ಲೀಟರ್ ಗಾಳಿ ಹೊರಗೆ ಹೋಗಲೇಬೇಕು. ಅದಕ್ಕೆ ಬಯಲಿಗೆ ತೆರೆದ ಪೈಪೇ ಬೇಕು.

ನೀರೇ ಇಲ್ಲದ ಟ್ರ್ಯಾಪ್ ಕೂಡ ಇದೆ. ಒಳಗೆ ರಬ್ಬರಿನಂಥ ಮೆತ್ತನೆ ನಾಲಿಗೆ, ನೀರು ಬಂದಾಗ ತೆರೆಯುತ್ತೆ, ಆಮೇಲೆ ತುಟಿ ಮುಚ್ಚಿದ ಹಾಗೆ ಮುಚ್ಚುತ್ತೆ. ಒಣಗೋ ಭಯ ಇಲ್ಲ, ತುಳುಕೋ ಭಯ ಇಲ್ಲ, ಹೊರದೇಶದ ಕ್ಯಾಂಪರ್‌ಗಳಲ್ಲಿ ತುಂಬ ಬಳಸ್ತಾರೆ. ಸಿಕ್ಕಿದ್ರೆ ಹಾಕಿ. ಕೂದಲು ಸಿಕ್ಕಿಕೊಂಡ್ರೆ ಪೂರ್ತಿ ಮುಚ್ಚಲ್ಲ, ಹಾಗಾಗಿ ಮೇಲೆ ಒಳ್ಳೆ ಜಾಲರಿ ಇರಲಿ.

ಟೆಸ್ಟ್ ಮಾಡದೆ ಹೊರಡಬೇಡಿ

ನಾಲ್ಕು ಪರೀಕ್ಷೆ, ಒಂದೂ ಕಾಸು ಖರ್ಚಿಲ್ಲ.

ಕಿವಿ ಪರೀಕ್ಷೆ: ಒಂದು ಬಕೆಟ್ ನೀರು ಒಮ್ಮೆಲೇ ಸುರೀರಿ. ಗುಡುಗುಡು ಅನ್ನದೆ ಇಳಿದ್ರೆ ಗಾಳಿದಾರಿ ಸರಿಯಿದೆ.

ಕಣ್ಣಿನ ಪರೀಕ್ಷೆ: ಟ್ಯಾಂಕಿನ ವಾಲ್ವ್ ತೆಗೆದು ಪೂರ್ತಿ ಖಾಲಿ ಮಾಡಿ, ಆಮೇಲೆ ಟ್ರ್ಯಾಪಿಗೆ ಟಾರ್ಚ್ ಬಿಡಿ. ನೀರು ಹೊಳೀಬೇಕು.

ಊದುಬತ್ತಿ ಪರೀಕ್ಷೆ: ಟ್ಯಾಂಕ್ ತೊಳೆದ ಮೇಲೆ, ಗ್ಯಾಸ್ ಸಿಲಿಂಡರ್ ಆಚೆ ಇಟ್ಟು, ಕಿಟಕಿ ಮುಚ್ಚಿ ಫ್ಯಾನ್ ಹಾಕಿ, ಬಚ್ಚಲ ಜಾಲರಿ ಹತ್ರ ಊದುಬತ್ತಿ ಹಿಡೀರಿ. ತೂತಿನೊಳಗಿಂದ ಗಾಳಿ ಬಂದು ಹೊಗೆಯನ್ನ ಮೇಲಕ್ಕೆ ತಳ್ಳಿದ್ರೆ ಟ್ರ್ಯಾಪ್ ಸೋತಿದೆ. ಏನೇ ಆಗಲಿ, ಮಲಗುವಾಗ ಒಂದು ಕಿಟಕಿ ಸ್ವಲ್ಪ ತೆರೆದಿರಲಿ. ಸೊಳ್ಳೆಗೆ ಜಾಲರಿ ಹಾಕಿ.

ರಸ್ತೆ ಪರೀಕ್ಷೆ: ಹದಿನೈದು ಕಿಲೋಮೀಟರ್ ಓಡಿಸಿ ಬಂದು ಮತ್ತೆ ಟಾರ್ಚ್ ಬಿಡಿ. ನೀರು ಕಮ್ಮಿಯಾಗಿದ್ರೆ ಓಡಿಸುವಾಗ ಬಚ್ಚಲಿಗೆ ರಬ್ಬರ್ ಬಿರಡೆ ಹಾಕೋ ಅಭ್ಯಾಸ ಮಾಡ್ಕೊಳ್ಳಿ. ಗಾಡಿ ವಾರಗಟ್ಟಲೆ ನಿಲ್ಲೋದಾದ್ರೆ ಟ್ರ್ಯಾಪಿಗೆ ಒಂದು ಚೊಂಬು ನೀರು, ಅದರ ಮೇಲೆ ಒಂದು ಚಮಚ ಅಡುಗೆ ಎಣ್ಣೆ. ಎಣ್ಣೆಯ ಪದರ ಇದ್ರೆ ನೀರು ಬೇಗ ಆರಲ್ಲ. ಮನೆ ಬೀಗ ಹಾಕಿ ಊರಿಗೆ ಹೋಗುವಾಗಲೂ ಇದೇ ಉಪಾಯ.

ಆ ನೀರು ಎಲ್ಲಿಗೆ?

ಕೊಳೆನೀರನ್ನ ರಸ್ತೆ ಪಕ್ಕದ ಮೋರಿಗೆ, ರಾಜಕಾಲುವೆಗೆ ಬಿಡಬೇಡಿ. ಕೋಲಾರದಲ್ಲಿ ವರ್ಷಪೂರ್ತಿ ಹರಿಯೋ ನದಿ ಒಂದೂ ಇಲ್ಲ, ಇರೋದು ಕೆರೆಗಳು. ಕೆಜಿಎಫ್‌ಗೆ ಗಣಿಯ ಕಾಲದಲ್ಲಿ ನೀರು ಕೊಟ್ಟಿದ್ದೂ ಪಾಲಾರ್ ದಾರಿಯ ಬೇತಮಂಗಲದ ಕೆರೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೇಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನ ಪೈಪಲ್ಲಿ ತಂದು ಕೆರೆ ತುಂಬಿಸ್ಕೋತಿರೋ ಜಿಲ್ಲೆ ನಮ್ಮದು. ಅಂಥ ಊರಿನಲ್ಲಿ ಸೋಪಿನ ನೀರನ್ನ ಕೆರೆ ದಾರಿಗೆ ಬಿಡೋಕೆ ಮನಸ್ಸು ಬರಬಾರದು. ಮನೆಗೆ ತಂದು ಒಳಚರಂಡಿಗೆ ಬಿಡಿ, ಇಲ್ಲ ಪೆಟ್ರೋಲ್ ಬಂಕ್, ಲಾಡ್ಜ್‌ನವರನ್ನ ಕೇಳಿ. ಎರಡು ದಿನಕ್ಕಿಂತ ಜಾಸ್ತಿ ಟ್ಯಾಂಕಲ್ಲಿ ಇಟ್ಕೋಬೇಡಿ. ಟ್ಯಾಂಕ್ ತುಂಬಿದ್ರೆ ಅದು ಉಕ್ಕೋದು ನಿಮ್ಮ ಬಚ್ಚಲಲ್ಲೇ.

ಇನ್ನೊಂದು ಮಾತು. ಗಾಡಿ ಬದಲಾಯಿಸೋ ಮುಂಚೆ ಆರ್‌ಟಿಒ ಕಚೇರಿಗೆ ಹೋಗಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರೋ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನ ಖಡಕ್ಕಾಗಿ ಹೇಳಿದೆ. ಸೀಟು ತೆಗೆಯೋ ಮುಂಚೆಯೇ ಕೇಳಿದ್ರೆ ಆಮೇಲೆ ಓಡಾಟ ಕಮ್ಮಿ.

ಆವಣಿಗೆ

ರಿಪೇರಿಗೆ ನಮಗೆ ಎರಡು ಭಾನುವಾರ ಹಿಡೀತು. ಸಾಮಾನಿಗೆ ಎರಡು ಸಾವಿರ ರೂಪಾಯಿ ಒಳಗೇ ಆಯ್ತು. ಅಣ್ಣ ಕೂಲಿ ತಗೊಂಡ್ರು, ಆದರೆ ಪಾಠಕ್ಕೆ ದುಡ್ಡು ಬೇಡ ಅಂದ್ರು.

ಅಮ್ಮನನ್ನ ಮತ್ತೆ ಗಾಡಿ ಹತ್ತಿಸೋದೇ ಕಷ್ಟ ಇತ್ತು. ಒಪ್ಪಿಸಿದ್ದು ನಾನಲ್ಲ, ಅಪ್ಪನೂ ಅಲ್ಲ. ಅಣ್ಣ ಬಂದು, "ಅಕ್ಕಾ, ಒಂದು ಊದುಬತ್ತಿ ಕೊಡಿ" ಅಂತ ಕೇಳಿ, ಅವರ ಎದುರಿಗೇ ಬಚ್ಚಲ ತೂತಿನ ಹತ್ರ ಹಿಡಿದ್ರು. ಫ್ಯಾನ್ ಓಡ್ತಿತ್ತು. ತೂತಿಂದ ಗಾಳಿ ಬರ್ತಿರಲಿಲ್ಲ, ಹೊಗೆ ತನ್ನಷ್ಟಕ್ಕೆ ಮೆಲ್ಲಗೆ ಹೋಗಿ ಫ್ಯಾನ್ ಸೇರಿತು. ಅಮ್ಮ ಸ್ವಲ್ಪ ಹೊತ್ತು ನೋಡ್ತಾ ನಿಂತಿದ್ರು. ಆಮೇಲೆ ಅಂದ್ರು, "ಹಂಗಾದ್ರೆ ಆವಣಿಗೆ ಹೋಗೋಣ."

ಲವ-ಕುಶ ಹುಟ್ಟಿದ ಜಾಗ ಅಂತ ನಂಬಿಕೆ ಇರೋ ಆವಣಿ ಬೆಟ್ಟ ಅಮ್ಮನ ಬಹಳ ವರ್ಷದ ಆಸೆ. ಬೆಳಗಿನ ಜಾವ ಐದು ಗಂಟೆಗೆ ಗಾಡಿಯೊಳಗೇ ಸ್ನಾನ ಮಾಡಿ, ತಲೆಗೆ ಟವೆಲ್ ಸುತ್ಕೊಂಡು ಇಳಿದ್ರು. ಹಿಂದಿನ ರಾತ್ರಿ ನೀರು ಕುಡಿದಿದ್ರು, ಒಂದು ಚೊಂಬು ಪೂರ್ತಿ. ನಾನು ಬಗ್ಗಿ ಟ್ರ್ಯಾಪಿಗೆ ಟಾರ್ಚ್ ಬಿಟ್ಟೆ. ನೀರು ಹೊಳೀತಿತ್ತು.

ನಿಮ್ಮ ಮನೆ ಬಚ್ಚಲು ಗುಡುಗುಡು ಅಂತಿದ್ಯಾ? ಇವತ್ತು ಮನೆಗೆ ಹೋದ ಮೇಲೆ ಒಂದು ಬಕೆಟ್ ನೀರು ಸುರಿದು ಕೇಳಿ ನೋಡಿ, ಸದ್ದು ಬಂದ್ರೆ ನಮಗೊಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೇಲಿ ಮತ್ತೆ ಸಿಗೋಣ. ಅಲ್ಲಿವರೆಗೂ ಕಿಟಕಿ ಸ್ವಲ್ಪ ತೆರೆದಿರಲಿ.